ಸಾಲಿಯ ಹೊಲ, ಆಸಾರದ ಹೊನ್ನು

ಜಿಲ್‌ಹಜ್ ತಿಂಗಳು ಹತ್ತಿರ ಬಂದಂತೆ ವಿಜಯಪುರದ ಆಸಾರ್ ಮಹಲಿನ ಮದರಸಾದಲ್ಲಿ ಓದುವ ಹುಡುಗರ ಎದೆ ಡವಗುಟ್ಟುತ್ತಿದ್ದಿರಬೇಕು. ವರ್ಷಕ್ಕೊಮ್ಮೆ ಬರುವ ಪರೀಕ್ಷೆ ನಡೆಯುತ್ತಿದ್ದುದು ಆ ತಿಂಗಳಲ್ಲೇ. ಕೇಳಿದ್ದಕ್ಕೆ ತಕ್ಕ ಉತ್ತರ ಕೊಟ್ಟವನ ಕೈಗೆ ಹುನ್ನುಗಳು ಬೀಳುತ್ತಿದ್ದವು. ಓದಿನಲ್ಲಿ ಗಟ್ಟಿಗ ಅನ್ನಿಸಿಕೊಂಡವನಿಗೆ ದರ್ಬಾರಿನ ಒಳ್ಳೆಯ ನೌಕರಿಯೂ ಸಿಗುತ್ತಿತ್ತು. ಹುನ್ ಎಂದರೆ ನಮ್ಮ ಹೊನ್ನೇ. ಕನ್ನಡದ ಮಾತು ಪಾರ್ಸಿ ಬರೆಯುವವರ ಕೈಗೆ ಸಿಕ್ಕು ಹಾಗಾಯಿತು.

ಈ ಸಂಗತಿಯನ್ನು ಬರೆದಿಟ್ಟವನು ಮಿರ್ಜಾ ಇಬ್ರಾಹಿಂ ಜುಬೇರಿ. 1824ರಲ್ಲಿ ಮುಗಿದ ಅವನ ‘ಬಸಾತೀನುಸ್ ಸಲಾತೀನ್’ ವಿಜಯಪುರ ಆಳಿದ ಆದಿಲ್‌ಶಾಹಿಗಳ ಚರಿತ್ರೆ. ರಾಜ್ಯ ಅಳಿದು ನೂರ ಮೂವತ್ತೆಂಟು ವರ್ಷ ಕಳೆದ ಮೇಲೆ ಬರೆದದ್ದಾದ್ದರಿಂದ ಅದರ ಮಾತನ್ನೆಲ್ಲ ಕಣ್ಣುಮುಚ್ಚಿ ನಂಬುವಂತಿಲ್ಲ. ಆದರೂ ಮದರಸಾಗಳ ವಿಷಯಕ್ಕೆ ಬಂದಾಗ ಅವನು ಕೊಡುವ ವಿವರಗಳು ಅಡುಗೆಮನೆಯ ಲೆಕ್ಕದಷ್ಟು ಖಚಿತವಾಗಿವೆ. ಅರಕಿಲ್ಲೆಯ ಕಂದಕದಾಚೆ, ಮುಂದೆ ಕೊಳ, ಮುಗಿಲೆತ್ತರದ ಮರದ ಕಂಬಗಳ ಪಡಸಾಲೆ ಇರುವ ಆಸಾರ್ ಮಹಲನ್ನು 1646ರ ಸುಮಾರಿಗೆ ಕಟ್ಟಿಸಿದವನು ಮಹಮ್ಮದ್ ಆದಿಲ್‌ಶಾಹ. ಮೊದಲು ಅದು ನ್ಯಾಯ ಹೇಳುವ ದಾದ್ ಮಹಲು; ಪ್ರವಾದಿಗಳ ಪವಿತ್ರ ಕೇಶ ಅಲ್ಲಿಗೆ ಬಂದ ಮೇಲೆ ಆಸಾರ್ ಆಯಿತು. ಅಲ್ಲಿ ಹದೀಸ್, ಧರ್ಮಶಾಸ್ತ್ರ ಹೇಳಿಕೊಡುವ ಮೌಲವಿಗಳಿದ್ದರು. ಕಲಿಯುವ ಹುಡುಗರಿಗೆ ಮಹಲಿನ ದಸ್ತರಖಾನಿನಿಂದಲೇ ಊಟ: ಬೆಳಿಗ್ಗೆ ಆಶ್, ನಾನ್, ಬಿರಿಯಾನಿ, ಸಂಜೆಗೆ ಗೋಧಿಯ ರೊಟ್ಟಿ ಮತ್ತು ಖಿಚಡಿ. ಮೇಲೆ ತಲೆಗೊಂದು ಹುನ್ನು. ಅರಬ್ಬಿ, ಪಾರ್ಸಿ ಪುಸ್ತಕಗಳೂ ಬೇಕೆಂದಷ್ಟು ಸಿಗುತ್ತಿದ್ದವು. ಜಾಮಿಯಾ ಮಸೀದಿಯ ಮದರಸಾಗಳಿಗೂ ಖಜಾನೆಯಿಂದಲೇ ಖರ್ಚು ಹೋಗುತ್ತಿತ್ತು.

ಇಲ್ಲಿ ಗಮನಿಸಬೇಕಾದದ್ದು ಈ ಲೆಕ್ಕದ ಕ್ರಮವನ್ನು. ಮೊದಲು ಊಟ, ಆಮೇಲೆ ಪುಸ್ತಕ, ಕೊನೆಗೆ ಪರೀಕ್ಷೆ ಮತ್ತು ಬಹುಮಾನ. ಹಸಿದ ಹುಡುಗನನ್ನು ಪರೀಕ್ಷೆಗೆ ಕೂಡಿಸಿ ಗೆದ್ದವನಿಗಷ್ಟೇ ಹೊನ್ನು ಕೊಡುವುದು ಖಜಾನೆಗೆ ಅಗ್ಗದ ದಾರಿಯಾಗುತ್ತಿತ್ತು. ಆಸಾರ್ ಮಹಲು ಆ ದಾರಿ ಹಿಡಿಯಲಿಲ್ಲ. ಇಂದು ವಿಶ್ವವಿದ್ಯಾಲಯಗಳು ಉತ್ತಮ ಬೋಧನೆಗೆ, ವಿದ್ಯಾರ್ಥಿಗಳಿಗೆ ಬೆನ್ನಾಗಿ ನಿಂತದ್ದಕ್ಕೆ ಪ್ರಶಸ್ತಿ ಕೊಡುತ್ತವೆ. ಆ ಎರಡು ಕೆಲಸಗಳೂ ಒಂದೇ ಲೆಕ್ಕದ ಪುಸ್ತಕದಲ್ಲಿ ಇದ್ದ ಕಾಲವನ್ನು ವಿಜಯಪುರದ ನೆಲ ಕಂಡಿದೆ. ಆಸಾರ್ ಮಹಲಿಗಿಂತ ಏಳು ನೂರು ವರ್ಷ ಹಿಂದೆಯೂ ಕಂಡಿದೆ.

ಆ ಹಳೆಯ ಲೆಕ್ಕ ಇರುವುದು ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ, ಒಂದು ಕಲ್ಲುಕಂಬದ ಮೇಲೆ. ವಿಜಯಪುರ ಸೀಮೆಯಲ್ಲಿ ಇಂದಿಗೂ ಶಾಲೆಗೆ ‘ಸಾಲಿ’ ಅನ್ನುತ್ತಾರೆ. ‘ನಾಕ್ ವರ್ಷ ಸಾಲಿ ಕಲ್ತಾನ’ ಎಂದರೆ ನಾಲ್ಕನೇ ಇಯತ್ತೆಯವರೆಗೆ ಓದಿದ್ದಾನೆ ಎಂದೇ. ಸಾಲೋಟಗಿ ಎಂಬ ಹೆಸರಿನ ಮೊದಲಲ್ಲಿರುವುದು ಇದೇ ಸಾಲಿ. ಶಾಸನದಲ್ಲಿ ಊರಿನ ಹೆಸರು ಪಾವಿಟ್ಟಗೆ. ಶಾಲೆಯ ಕೀರ್ತಿ ಹಬ್ಬಿ ಅದು ಶಾಲೆಯ ಪಾವಿಟ್ಟಗೆಯಾಗಿ, ನಾಲಗೆಯಿಂದ ನಾಲಗೆಗೆ ಸವೆದು ಸಾಲೋಟಗಿ ಆಯಿತೆಂದು ಶಾಸನ ಓದಿದ ವಿದ್ವಾಂಸರು ಹೇಳುತ್ತಾರೆ. ಒಂದು ಊರಿಗೆ ಅದರ ಶಾಲೆಯೇ ಹೆಸರಾಗಿ ಸಾವಿರ ವರ್ಷ ಉಳಿಯಿತು. ಯಾವ ಪ್ರಶಸ್ತಿ ಫಲಕಕ್ಕೂ ಇಷ್ಟು ಆಯುಷ್ಯ ಸಿಕ್ಕಿಲ್ಲ.

ಶಕ ವರ್ಷ 867, ಅಂದರೆ ಕ್ರಿ.ಶ. 945. ಮಾನ್ಯಖೇಟದಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ಆಳುತ್ತಿದ್ದ. ಅವನ ಮಂತ್ರಿ ನಾರಾಯಣ, ಗಜಾಂಕುಶ ಎಂಬ ಬಿರುದಿನವನು, ಪಾವಿಟ್ಟಗೆಯಲ್ಲಿ ತ್ರಿಮೂರ್ತಿಗಳ ಗುಡಿಯೊಡನೆ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬಂದರು. ಬಂದವರು ಇರುವುದೆಲ್ಲಿ? ಅವರಿಗೆಂದೇ 27 ಮನೆಗಳು. ಉಣ್ಣುವುದೇನು? ಅದಕ್ಕೆ 500 ನಿವರ್ತನ ಭೂಮಿ. ಸಂಜೆಯ ಮೇಲೆ ಓದುವುದು ಹೇಗೆ? ದೀಪದ ಎಣ್ಣೆಗೆ ಬೇರೆಯಾಗಿ 12 ನಿವರ್ತನ. ಪಾಠ ಹೇಳುವ ಉಪಾಧ್ಯಾಯನಿಗೆ 50 ನಿವರ್ತನ.

ಹೊಲ ಕೊಟ್ಟು ಕೈತೊಳೆದುಕೊಂಡ ದಾನ ಇದಲ್ಲ. ಊರವರನ್ನೂ ಅದಕ್ಕೆ ಕಟ್ಟಿಹಾಕಲಾಯಿತು. ಮನೆಯಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಉಪನಯನವಾದರೆ ಅದರ ಅರ್ಧ, ಚೌಲಕ್ಕೆ ಇನ್ನೂ ಕಡಿಮೆ. ಊಟ ಹಾಕಿಸುವ ಸಮಾರಂಭವಾದರೆ ಶಾಲೆಯವರಿಗೂ ಶಕ್ತ್ಯನುಸಾರ ಬಡಿಸಬೇಕು. ಊರಿನ ಸಂತೋಷದಲ್ಲಿ ಶಾಲೆಗೊಂದು ಪಾಲು ಎಂಬ ಈ ಕಟ್ಟಳೆಯನ್ನು ಬರೆದವರಿಗೆ ಹಳ್ಳಿಯ ಮನಸ್ಸು ಚೆನ್ನಾಗಿ ಗೊತ್ತಿತ್ತು. ಬರಗಾಲದಲ್ಲಿ ಕೇಳಿದರೆ ಯಾರೂ ಕೊಡರು; ಮದುವೆಯ ಚಪ್ಪರದ ಕೆಳಗೆ ನಿಂತವನು ಇಲ್ಲ ಅನ್ನಲಾರ.

ಕಾಲ ಕಳೆದು ಆ ಶಾಲೆಯ ಕಟ್ಟಡ ಬಿದ್ದುಹೋಯಿತು. ಆಗ ಸೆಲಾರ ವಂಶದ ಕಂಚಿಗನೆಂಬ ಸಾಮಂತ ಅದನ್ನು ಮತ್ತೆ ಎತ್ತಿಸಿದ. ಅದೂ ಅದೇ ಕಂಬದ ಮೇಲೆ ದಾಖಲಾಗಿದೆ. ಕಟ್ಟಿಸಿದವನ ಪಕ್ಕದಲ್ಲೇ ಬಿದ್ದದ್ದನ್ನು ಎತ್ತಿದವನಿಗೂ ಜಾಗ ಸಿಕ್ಕಿತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ನುಂಗಿಕೊಳ್ಳುವಂತಿಲ್ಲ. ಸಾಲೋಟಗಿಯ 27 ಮನೆಗಳಲ್ಲಿ ಇದ್ದವರು ಬ್ರಾಹ್ಮಣ ವಟುಗಳು. ಅವರು ಉಂಡ ಅನ್ನ ಬೆಳೆದ ಒಕ್ಕಲಿನ ಮಕ್ಕಳಿಗೆ ಆ ದೀಪದ ಬೆಳಕಿನಲ್ಲಿ ಜಾಗವಿರಲಿಲ್ಲ. ಹೆಣ್ಣುಮಕ್ಕಳ ಮಾತಂತೂ ಇಲ್ಲವೇ ಇಲ್ಲ. ಇನ್ನೂರು ವರ್ಷದ ನಂತರ ಇದೇ ಜಿಲ್ಲೆಯ ಬಾಗೇವಾಡಿಯ ಬಸವಣ್ಣ ಜನಿವಾರ ತೊರೆದು ಹೊರಟದ್ದನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ ಆ ಹೆಜ್ಜೆಯ ತೂಕ ತಿಳಿಯುತ್ತದೆ.

ಸಾಲೋಟಗಿ ಒಂಟಿಯೂ ಆಗಿರಲಿಲ್ಲ. ಇಂದಿನ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಹತ್ತಿರ ನಾಗಾವಿಯಲ್ಲಿ 1058ರ ಶಾಸನವೊಂದಿದೆ. ಅಲ್ಲಿನ ಘಟಿಕಾಸ್ಥಾನದಲ್ಲಿ, ಅಂದರೆ ಆ ಕಾಲದ ವಿದ್ಯಾಪೀಠದಲ್ಲಿ, ವೇದ ಓದುವವರೇ 200 ಮಂದಿ. ಪಾಠ ಹೇಳುವವರ ಜೊತೆಗೆ ಆರು ಜನ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲಕರು, ಇದ್ದರು. ಪುಸ್ತಕ ಕಾಯುವವನನ್ನೂ ಉಪಾಧ್ಯಾಯನ ಸಾಲಿನಲ್ಲಿ ಹೆಸರಿಸಿ ಭೂಮಿ ಬಿಟ್ಟ ಆ ಶಾಸನವನ್ನು ಇಂದಿನ ಗ್ರಂಥಪಾಲಕರು ಒಮ್ಮೆ ಹೋಗಿ ನೋಡಬೇಕು.

ಪುಸ್ತಕದ ಮಾತು ಬಂದರೆ ವಿಜಯಪುರದವರ ಕರುಳು ಚುರುಕ್ ಅನ್ನುತ್ತದೆ. ಮೊದಲ ಅಲಿ ಆದಿಲ್‌ಶಾಹ ದಂಡಯಾತ್ರೆಗೆ ಹೊರಟಾಗಲೂ ಪುಸ್ತಕದ ಪೆಟ್ಟಿಗೆಗಳನ್ನು ಹೊರಿಸಿಕೊಂಡು ಹೋಗುತ್ತಿದ್ದವನು. 1686ರಲ್ಲಿ ಔರಂಗಜೇಬನ ಸೇನೆಗೆ ಊರು ಬಿದ್ದಾಗ ಆದಿಲ್‌ಶಾಹಿಗಳ ಪುಸ್ತಕ ಭಂಡಾರ ಚೆಲ್ಲಾಪಿಲ್ಲಿಯಾಯಿತು. ಉಳಿದದ್ದು ಆಸಾರ್ ಮಹಲಿನಲ್ಲಿ ಹುಳು ಹಿಡಿಯುತ್ತ ಕೂತಿತ್ತು. 1853ರಲ್ಲಿ ಇಂಗ್ಲಿಷರು ನಾನೂರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ಲಂಡನ್ನಿಗೆ ಸಾಗಿಸಿದರು. ಅಲ್ಲಿ ಅವು ಚೆನ್ನಾಗಿಯೇ ಇವೆ. ಒಂದು ಕಾಲಕ್ಕೆ ಬೇಕೆಂದಷ್ಟು ಪುಸ್ತಕ ಕೇಳಿ ತೆಗೆದುಕೊಳ್ಳುತ್ತಿದ್ದ ಹುಡುಗರ ಊರಿನಲ್ಲಿ ಮಾತ್ರ ಅವು ಇಲ್ಲ.

ದರ್ಬಾರಿನ ಮನ್ನಣೆಯನ್ನು ಬೆನ್ನಟ್ಟಿದವರಂತೆ ಅದನ್ನು ಬಿಟ್ಟು ನಡೆದವರೂ ಈ ಸೀಮೆಯಲ್ಲಿದ್ದರು. ಬಬಲೇಶ್ವರ ತಾಲ್ಲೂಕಿನ ಕಾಖಂಡಕಿಯ ಮಹಿಪತಿದಾಸರು ಹದಿನೇಳನೆಯ ಶತಮಾನದಲ್ಲಿ ಆದಿಲ್‌ಶಾಹಿ ಆಡಳಿತದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಕಂದಕದ ಬಳಿ ಸಿಕ್ಕ ಷಾ ನುಂಗ ಎಂಬ ಫಕೀರ ಅವರ ಕೈಯ ಉಂಗುರ ಕೇಳಿ ನೀರಿಗೆಸೆದನಂತೆ. ನೋಡನೋಡುತ್ತ ಅಂಥವೇ ಹಲವು ಉಂಗುರ ತೆಗೆದು ನಿನ್ನದಾವುದು ಆರಿಸಿಕೋ ಅಂದನಂತೆ. ಮನಸ್ಸು ತಿರುಗಿದ ಮಹಿಪತಿಗೆ ಫಕೀರ ತೋರಿದ್ದು ಸಾರವಾಡದ ಭಾಸ್ಕರಸ್ವಾಮಿಗಳ ದಾರಿಯನ್ನು. ಐತಿಹ್ಯ ನಿಜವೋ ಅಲ್ಲವೋ, ಒಬ್ಬ ಮುಸ್ಲಿಂ ಫಕೀರ ಒಬ್ಬ ಬ್ರಾಹ್ಮಣ ಅಧಿಕಾರಿಗೆ ತಕ್ಕ ಗುರುವಿನ ಮನೆ ತೋರಿಸಿದ ಎಂಬುದನ್ನು ಕಾಖಂಡಕಿಯವರು ಅಭಿಮಾನದಿಂದ ಹೇಳಿಕೊಂಡು ಬಂದಿದ್ದಾರೆ. ಮಹಿಪತಿದಾಸರು ನೌಕರಿ ಬಿಟ್ಟರು. ಕನ್ನಡ, ಮರಾಠಿ, ದಖನಿಯಲ್ಲಿ ಹಾಡು ಬರೆದರು.

ಇಂಗ್ಲಿಷರ ಕಾಲಕ್ಕೆ ಗಾಂವಠಿ ಶಾಲೆಗಳು ಹಿಂದೆ ಸರಿದು ಸರಕಾರದ ಸಾಲಿಗಳು ಬಂದವು. ಮುಲ್ಕಿ ಪರೀಕ್ಷೆ ಬಂತು. ಮುಲ್ಕಿ ಪಾಸಾದವನು ಮಾಸ್ತರನಾಗಬಹುದಿತ್ತು. ಸ್ಕಾಲರ್‌ಶಿಪ್, ಪದಕ ಎಂಬ ಮಾತುಗಳು ಊರ ಬಾಯಿಗೆ ಬಂದದ್ದೂ ಆಗಲೇ. ಜಮಖಂಡಿಯ ಹುಡುಗ ರಾಮಚಂದ್ರ ದತ್ತಾತ್ರೇಯ ರಾನಡೆ 1902ರಲ್ಲಿ ಮೆಟ್ರಿಕ್ ಮುಗಿಸಿ ಸಂಸ್ಕೃತಕ್ಕೆ ಮೀಸಲಾದ ಜಗನ್ನಾಥ ಶಂಕರಶೇಠ್ ಸ್ಕಾಲರ್‌ಶಿಪ್ ಗೆದ್ದ. ಮುಂದೆ ಎಂ.ಎ.ಗೆ ಬಂಗಾರದ ಪದಕ. ಪುಣೆ, ಸಾಂಗಲಿಯಲ್ಲಿ ಪಾಠ ಹೇಳಿ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ಕುಲಪತಿಯೂ ಆದರು. 1946ರಲ್ಲಿ ನಿವೃತ್ತರಾದಾಗ ಅವರು ಮರಳಿದ್ದು ಇದೇ ಜಿಲ್ಲೆಯ ನಿಂಬಾಳಕ್ಕೆ, ರೈಲು ನಿಲ್ದಾಣದ ಹತ್ತಿರದ ಆಶ್ರಮಕ್ಕೆ. 1957ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಇದ್ದರು.

ಪದಕ ಗೆದ್ದವರ ಕತೆ ಹೀಗೆ ಹೇಳಲು ಸಿಗುತ್ತದೆ. ವಾರಾನ್ನದ ಹುಡುಗರ ಕತೆ ಅಷ್ಟಾಗಿ ಸಿಗುವುದಿಲ್ಲ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಉಂಡು ಓದಿದವರು ಅವರು. ಲಿಂಗಾಯತ ಮಠಗಳು ಪ್ರಸಾದನಿಲಯಗಳನ್ನು ತೆರೆದ ಮೇಲೆ ಒಕ್ಕಲಿಗರ, ಕಾಯಕದವರ ಮಕ್ಕಳಿಗೂ ಊರಿಂದ ಹೊರಬಿದ್ದು ಓದುವ ಧೈರ್ಯ ಬಂತು. ಹಳ್ಳಿಯ ತಾಯಂದಿರು ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಬಸ್ಸಿನ ಮೇಲೆ ಕಳಿಸುತ್ತಿದ್ದ ಬುತ್ತಿಗಂಟೂ ಇದೇ ಚರಿತ್ರೆಗೆ ಸೇರಬೇಕು. ಗಂಟಿನ ಮೇಲೆ ಹುಡುಗನ ಹೆಸರು, ಹಾಸ್ಟೆಲ್ಲಿನ ಹೆಸರು. ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿಕೊಂಡು ಹೋಗಲು ಹುಡುಗ ಕಾದಿರುತ್ತಿದ್ದ. ಆ ಗಂಟನ್ನು ಜೋಪಾನವಾಗಿ ತಂದ ಕಂಡಕ್ಟರನಿಗೆ ಯಾವ ವಿಶ್ವವಿದ್ಯಾಲಯವೂ ಪ್ರಶಸ್ತಿ ಕೊಟ್ಟಿಲ್ಲ. ಕೊಡಬೇಕಿತ್ತು.

ಈ ಎಲ್ಲ ಎಳೆಗಳೂ ಬಂದು ಕೂಡುವುದು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರಲ್ಲಿ. 1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಾನೂನು ಓದಿ, 1904ರಲ್ಲಿ ವಕೀಲಿ ಮಾಡಲು ವಿಜಯಪುರಕ್ಕೆ ಬಂದರು. ಆರು ವರ್ಷದಲ್ಲಿ, 1910ರಲ್ಲಿ, ಬಿಜಾಪುರ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆ ಹುಟ್ಟಿತು. ಜನರ ಬಾಯಲ್ಲಿ ಬಿ.ಎಲ್.ಡಿ.ಇ. 1912ರಲ್ಲಿ ಸಿದ್ಧೇಶ್ವರ ಬ್ಯಾಂಕು. ಹಳಕಟ್ಟಿಯವರು ಹಳ್ಳಿ ಹಳ್ಳಿಯ ಮಠ, ಮನೆಗಳ ಮಾಡಿನಿಂದ ತಾಡೋಲೆ ಇಳಿಸಿ ವಚನಗಳನ್ನು ಹುಡುಕಿದ್ದು ಎಲ್ಲರಿಗೂ ಗೊತ್ತು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂತು, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ಅಚ್ಚುಮನೆಗಾಗಿ ತಮ್ಮ ಮನೆಯನ್ನೇ ಮಾರಿದರು. ವಚನಗಳನ್ನು ಉಳಿಸಿದ್ದೂ ಸಾಲಿ ತೆರೆದದ್ದೂ ಅವರಿಗೆ ಎರಡು ಬೇರೆ ಕೆಲಸಗಳಾಗಿರಲಿಲ್ಲ. ಓದಬೇಕಾದ ಪುಸ್ತಕವನ್ನೂ ಓದುವ ಹುಡುಗನನ್ನೂ ಅವರು ಒಟ್ಟಿಗೇ ಸಾಕಿದರು.

ಮನ್ನಣೆಗಳು ಬಂದವು. ಸರಕಾರದಿಂದ ರಾವ್ ಸಾಹೇಬ, ರಾವ್ ಬಹಾದ್ದೂರ್ ಬಿರುದು. 1926ರಲ್ಲಿ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್. ಆದರೆ ವಿಜಯಪುರದ ಹಿರಿಯರು ಇವುಗಳ ಪಟ್ಟಿ ಹೇಳುವುದಕ್ಕಿಂತ ಮೊದಲು ಅವರ ಹರಿದ ಕೋಟಿನ ಕತೆ ಹೇಳುತ್ತಾರೆ. 1964ರ ಜೂನ್ 29ರಂದು ಅವರು ತೀರಿಕೊಂಡರು. ಬಂಥನಾಳದ ಸಂಗನಬಸವ ಶಿವಯೋಗಿಗಳು ಅವರ ಸಂಸ್ಥೆಗೆ ಆಸರೆಯಾದರು; ಕಲೆ, ವಿಜ್ಞಾನ ಕಾಲೇಜಿಗೆ ಆ ಸ್ವಾಮಿಗಳ ಹೆಸರಿದೆ. 1986ರಲ್ಲಿ ವೈದ್ಯಕೀಯ ಕಾಲೇಜು ಬಂತು, 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು. ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರ ಆದಿಲ್‌ಶಾಹಿ ಕಾಲದ ಪಾರ್ಸಿ, ದಖನಿ ಗ್ರಂಥಗಳನ್ನು ಕನ್ನಡಕ್ಕೆ ತರುವ ಕೆಲಸವನ್ನೂ ಹೊತ್ತುಕೊಂಡಿತು. ಲಂಡನ್ನಿಗೆ ಹೋದ ಹಾಳೆಗಳು ಮರಳಲಿಲ್ಲ, ಆದರೆ ಆ ಕಾಲದ ಮಾತು ವಿಜಯಪುರಕ್ಕೆ ಕನ್ನಡವಾಗಿ ಬಂತು.

ಸ್ವಾತಂತ್ರ್ಯದ ಬಳಿಕ ಪ್ರಶಸ್ತಿಗಳಿಗೆ ಸರಕಾರಿ ಚೌಕಟ್ಟು ಬಂತು. ಶಿಕ್ಷಕರಿಗೆ ರಾಷ್ಟ್ರಪ್ರಶಸ್ತಿ ಆರಂಭವಾದದ್ದು 1958ರಲ್ಲಿ. ರಾಧಾಕೃಷ್ಣನ್ ಹುಟ್ಟಿದ ಸೆಪ್ಟೆಂಬರ್ 5 ಶಿಕ್ಷಕರ ದಿನವಾದದ್ದು 1962ರಿಂದ. ಸಾಲಿಯ ಮಾಸ್ತರರಿಗೆ, ಅಕ್ಕೋರಿಗೆ ದೆಹಲಿಯ ಬಾಗಿಲು ತೆರೆಯಿತು. ವಿಚಿತ್ರವೆಂದರೆ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳುವವರು ಆ ಲೆಕ್ಕದಲ್ಲಿ ಇರಲೇ ಇಲ್ಲ. ಅವರ ಬೆಲೆ ನಿಲ್ಲುತ್ತಿದ್ದುದು ಅಚ್ಚಾದ ಪ್ರಬಂಧ, ಪುಸ್ತಕಗಳ ಮೇಲೆ. ತರಗತಿಯಲ್ಲಿ ಚೆನ್ನಾಗಿ ಹೇಳಿಕೊಟ್ಟವರಿಗೆ, ಫೀಸು ಕಟ್ಟಲಾಗದವನ ಕೈಹಿಡಿದವರಿಗೆ ಶಿಷ್ಯರ ನೆನಪೇ ಬಹುಮಾನ. ರಾಷ್ಟ್ರಪ್ರಶಸ್ತಿಯಲ್ಲಿ ಉನ್ನತ ಶಿಕ್ಷಣದ ಅಧ್ಯಾಪಕರಿಗೆ ಮೊದಲ ಬಾರಿ ಜಾಗ ಸಿಕ್ಕಿದ್ದು 2023ರಲ್ಲಿ, 65 ವರ್ಷ ತಡವಾಗಿ. ಅದಕ್ಕೆ ಮುಂಚೆ 1994ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ನ್ಯಾಕ್ ಎಂಬ ಮೌಲ್ಯಮಾಪನ ಸಂಸ್ಥೆ, ಕಾಲೇಜುಗಳಿಗೆ ಅಂಕ ಕೊಡುವ ಅಳತೆಗೋಲುಗಳಲ್ಲಿ ‘ಬೋಧನೆ-ಕಲಿಕೆ’ಯ ಜೊತೆಗೆ ‘ವಿದ್ಯಾರ್ಥಿ ಬೆಂಬಲ’ವನ್ನೂ ಸೇರಿಸಿತ್ತು. ನಾರಾಯಣ ಮಂತ್ರಿ 945ರಲ್ಲಿ ಒಂದೇ ಕಂಬದ ಮೇಲೆ ಬರೆಸಿದ್ದು ಹೀಗೆ ಒಂದು ಸರಕಾರಿ ನಮೂನೆಯ ಎರಡು ಅಂಕಣಗಳಾಗಿ ಮರಳಿತು.

ವಿಜಯಪುರದಿಂದ ಅಥಣಿ ರಸ್ತೆ ಹಿಡಿದರೆ ಸಿಗುವ ತೊರವಿ ಈ ಕತೆಗೆ ತಕ್ಕ ಜಾಗ. ಕುಮಾರವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ಊರು ಅದು. ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಸಂಗೀತಕ್ಕೆಂದೇ ನವರಸಪುರ ಕಟ್ಟತೊಡಗಿದ್ದೂ ಅಲ್ಲೇ. 1624ರಲ್ಲಿ ಮಲಿಕ್ ಅಂಬರನ ದಂಡು ಬಂದು ಹಾಳುಗೆಡವಿತು. ಸಂಗೀತ ಮಹಲಿನ ಕಮಾನುಗಳು ಇನ್ನೂ ನಿಂತಿವೆ. ಅದೇ ತೊರವಿಯಲ್ಲಿ ಇಂದು ರಾಜ್ಯದ ಮಹಿಳಾ ವಿಶ್ವವಿದ್ಯಾಲಯವಿದೆ. ಸ್ಥಾಪನೆ 2003ರಲ್ಲಿ, ಅಕ್ಕಮಹಾದೇವಿಯ ಹೆಸರು ಸೇರಿದ್ದು 2017ರಲ್ಲಿ. ಘಟಿಕೋತ್ಸವದ ದಿನ ಬಂಗಾರದ ಪದಕ ಹಾಕಿಸಿಕೊಂಡ ಹುಡುಗಿಯ ಪಕ್ಕ ಸೆರಗು ತಲೆಮೇಲೆ ಹೊದ್ದ ತಾಯಿ ನಿಂತಿರುತ್ತಾಳೆ. ‘ಘಟಿಕೋತ್ಸವ’ ಎಂಬ ಮಾತಿನೊಳಗೆ ನಾಗಾವಿಯ ಘಟಿಕೆ ಕೂತಿದೆ. ಆ ಘಟಿಕೆಗೆ ಹೆಣ್ಣುಮಗಳು ಕಾಲಿಟ್ಟಿರಲಿಲ್ಲ. ಇಲ್ಲಿ ಅವಳದ್ದೇ ಮನೆ.

ತೊರವಿ ದಾಟಿ ಮುಂದೆ ಹೋದರೆ ಟಿಕೋಟಾ. ದ್ರಾಕ್ಷಿ ಪಡಗಳ ನಡುವಿನ ಈ ಊರೂ ಬಬಲೇಶ್ವರವೂ ತಾಲ್ಲೂಕು ಕೇಂದ್ರಗಳಾದದ್ದು 2018ರಲ್ಲಿ. ಆ ವರ್ಷದ ಜನವರಿಯಲ್ಲೇ ಟಿಕೋಟಾ ಸೀಮೆಯ ಬಿಜ್ಜರಗಿಯ ಹೆಸರು ದೆಹಲಿಯವರೆಗೆ ಕೇಳಿಸಿತು. ಬಿಜ್ಜರಗಿಯಲ್ಲಿ ಹುಟ್ಟಿ, ಬಾಲ್ಯದಲ್ಲೇ ಮಲ್ಲಿಕಾರ್ಜುನ ಸ್ವಾಮಿಗಳ ಬಳಿ ಸೇರಿ, ಗುರುವಿನ ಅಪ್ಪಣೆಯಂತೆ ಧಾರವಾಡ, ಕೊಲ್ಲಾಪುರಗಳಲ್ಲಿ ತತ್ವಶಾಸ್ತ್ರ ಓದಿದ ಸಿದ್ಧೇಶ್ವರ ಸ್ವಾಮಿಗಳಿಗೆ ಕೇಂದ್ರ ಸರಕಾರ ಪದ್ಮಶ್ರೀ ಪ್ರಕಟಿಸಿತು. ಗಣರಾಜ್ಯದ ಸಂಭ್ರಮದ ಹೊತ್ತಿಗೇ ಅವರು ಪ್ರಧಾನಿಗೆ ಕಾಗದ ಬರೆದು, ಸನ್ಯಾಸಿಗೆ ಪ್ರಶಸ್ತಿ ಬೇಡವೆಂದು ವಿನಯದಿಂದ ಮರಳಿಸಿದರು. ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟನ್ನೂ ಅದಕ್ಕೆ ಮೊದಲು ಹಾಗೆಯೇ ಬೇಡವೆಂದಿದ್ದರು. ಅವರ ಅಂಗಿಗೆ ಜೇಬೇ ಇರಲಿಲ್ಲ. ನಸುಕಿನಲ್ಲಿ ಅವರು ಹೇಳುತ್ತಿದ್ದ ಪಾಠ ಕೇಳಲು ಹೊಲಕ್ಕೆ ಹೋಗುವವರು, ಕಾಲೇಜಿನ ಮಾಸ್ತರರು, ಹುಡುಗರು ಒಂದೇ ಜಮಖಾನೆಯ ಮೇಲೆ ಕೂಡುತ್ತಿದ್ದರು. 2023ರ ಜನವರಿ 2ರ ರಾತ್ರಿ ತೀರಿಕೊಂಡರು. ತನಗೆ ಸ್ಮಾರಕ ಕಟ್ಟಬೇಡಿ ಎಂದು 2014ರಲ್ಲೇ ಬರೆದಿಟ್ಟಿದ್ದರು. ಆ ಮಾತಿಗೆ ಕಟ್ಟುಬಿದ್ದು ವಿಜಯಪುರ ಅವರನ್ನು ಬೀಳ್ಕೊಟ್ಟಿತು.

ಅವರು ತೀರಿಕೊಂಡ ವರ್ಷವೇ, ಜೂನ್ 11ರಿಂದ, ರಾಜ್ಯದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣ ಇಲ್ಲವಾಯಿತು. ಅಥಣಿ ಕಡೆಯಿಂದ ಬರುವ ಬಸ್ಸು ಬೆಳಿಗ್ಗೆ ಟಿಕೋಟಾದಲ್ಲಿ ನಿಂತಾಗ ಹೆಗಲಿಗೆ ಬ್ಯಾಗು, ಕೈಯಲ್ಲಿ ರೊಟ್ಟಿಯ ಡಬ್ಬಿ ಹಿಡಿದ ಹುಡುಗಿಯರು ಹತ್ತುತ್ತಾರೆ. ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾನೆ. ಅವರು ಅದನ್ನು ಪುಸ್ತಕದ ನಡುವೆ ಸಿಕ್ಕಿಸಿ, ಒಬ್ಬರ ನೋಟ್ಸು ಇನ್ನೊಬ್ಬರು ನೋಡುತ್ತ, ತೊರವಿಯಲ್ಲಿ ಇಳಿದುಹೋಗುತ್ತಾರೆ.